‘ಯಾರು’ ಮತ್ತು ‘ಯಾರನ್ನು’: ಇಂಗ್ಲಿಷಿನಲ್ಲಿ ಕರ್ತೃಪ್ರಶ್ನೆ, ಕರ್ಮಪ್ರಶ್ನೆ ಕೇಳುವ ಬಗೆ

ಈ ಎರಡು ಪ್ರಶ್ನೆಗಳನ್ನು ಒಮ್ಮೆ ಜೋರಾಗಿ ಓದಿ.

“ಹೂ ಸಾ ಯು?”
“ಹೂ ಡಿಡ್ ಯು ಸೀ?”

ಮೊದಲನೆಯದು ‘ನಿನ್ನನ್ನು ಯಾರು ನೋಡಿದರು?’ ಎಂದು ಕೇಳುತ್ತದೆ. ಎರಡನೆಯದು ‘ನೀನು ಯಾರನ್ನು ನೋಡಿದೆ?’ ಎಂದು. ಎರಡರಲ್ಲೂ ಪ್ರಶ್ನೆಯ ಪದ ‘ಹೂ’ ಒಂದೇ, ಆದರೆ ನೋಡಿದವರು ಮತ್ತು ನೋಡಿಸಿಕೊಂಡವರು ಅದಲುಬದಲಾಗಿದ್ದಾರೆ. ವರ್ಷಗಟ್ಟಲೆ ಇಂಗ್ಲಿಷ್ ಓದಿದವರೂ ಇಲ್ಲಿ ತಡವರಿಸುವುದನ್ನು ನೋಡಿದ್ದೇನೆ. “ಹೂ ಡಿಡ್ ಟೋಲ್ಡ್ ಯು?” ಎನ್ನುತ್ತಾರೆ, “ವಾಟ್ ಯು ಸೆಡ್?” ಎನ್ನುತ್ತಾರೆ. ಒಂದರಲ್ಲಿ ಬೇಡದ ‘ಡಿಡ್’ ಬಂದಿದೆ, ಇನ್ನೊಂದರಲ್ಲಿ ಬೇಕಾದ ‘ಡಿಡ್’ ಬಿಟ್ಟುಹೋಗಿದೆ.

ಕನ್ನಡದಲ್ಲಿ ಈ ಕಷ್ಟ ಬರುವುದಿಲ್ಲ, ಏಕೆಂದರೆ ನಮಗೆ ವಿಭಕ್ತಿ ಪ್ರತ್ಯಯವಿದೆ. ‘ನೀನು ಯಾರನ್ನು ನೋಡಿದೆ?’ ಅನ್ನಿ, ‘ಯಾರನ್ನು ನೋಡಿದೆ ನೀನು?’ ಅನ್ನಿ, ಅರ್ಥ ಕದಲುವುದಿಲ್ಲ. ‘ಅನ್ನು’ ಎಂಬ ಪುಟ್ಟ ಪ್ರತ್ಯಯ ಕರ್ಮವನ್ನು ಗುರುತಿಸಿ ಕೊಟ್ಟಿರುತ್ತದೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯವಿಲ್ಲದ ಕಾರಣ ಅದರ ಕೆಲಸವನ್ನು ಪದಗಳು ನಿಲ್ಲುವ ಜಾಗ ಮಾಡುತ್ತದೆ. ಹಾಗಾಗಿ ‘ಡು, ಡಸ್, ಡಿಡ್’ ಎಲ್ಲಿ ಬರುತ್ತದೆ ಎಂದು ಬಾಯಿಪಾಠ ಮಾಡುವುದಕ್ಕಿಂತ, ನಮಗೆ ಹುಟ್ಟಿನಿಂದ ಗೊತ್ತಿರುವ ವಿಭಕ್ತಿಯನ್ನೇ ಕೈದೀಪ ಮಾಡಿಕೊಂಡು ಹೊರಡುವುದು ಒಳ್ಳೆಯದು. ಆ ದೀಪ ಕೆಲವು ಕಡೆ ದಾರಿ ತಪ್ಪಿಸುತ್ತದೆ, ಆ ಜಾಗಗಳನ್ನೂ ಒಂದೊಂದಾಗಿ ನೋಡೋಣ. ಉದಾಹರಣೆಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ನೀವು ಅಭ್ಯಾಸ ಮಾಡುವಾಗ ಇಂಗ್ಲಿಷ್ ಲಿಪಿಯಲ್ಲೇ ಬರೆದುಕೊಳ್ಳಿ.

ಮೊದಲ ಹೆಜ್ಜೆ: ಉತ್ತರದ ವಾಕ್ಯ ಬರೆದು, ಒಂದು ಪದ ಮುಚ್ಚಿ

ಪ್ರಶ್ನೆಯಿಂದ ಶುರುಮಾಡಬೇಡಿ. ಉತ್ತರವಾಗಿ ಬರಬಹುದಾದ ಸರಳ ವಾಕ್ಯವೊಂದನ್ನು ಬರೆಯಿರಿ: “ಗೀತಾ ಕಾಲ್ಡ್ ರವಿ.” ಗೀತಾ ರವಿಯನ್ನು ಕರೆದಳು. ಇಲ್ಲಿ ಗೀತಾ ಕರ್ತೃ, ರವಿ ಕರ್ಮ.

ಈಗ ‘ಗೀತಾ’ ಪದವನ್ನು ಬೆರಳಿನಿಂದ ಮುಚ್ಚಿ. ಉಳಿದದ್ದು “... ಕಾಲ್ಡ್ ರವಿ”. ಖಾಲಿಯಾದ ಜಾಗದಲ್ಲಿ ‘ಹೂ’ ಇಡಿ: “ಹೂ ಕಾಲ್ಡ್ ರವಿ?” ಪ್ರಶ್ನೆ ತಯಾರಾಯಿತು. ಯಾವ ಪದವೂ ಜಾಗ ಬಿಟ್ಟು ಕದಲಲಿಲ್ಲ, ಹೊಸದಾಗಿ ಏನೂ ಸೇರಲಿಲ್ಲ. ಇದೇ ಕರ್ತೃಪ್ರಶ್ನೆ, ಸಬ್ಜೆಕ್ಟ್ ಕ್ವೆಶ್ಚನ್.

ಬೆರಳು ತೆಗೆದು ಈಗ ‘ರವಿ’ಯನ್ನು ಮುಚ್ಚಿ. ಉಳಿದದ್ದು “ಗೀತಾ ಕಾಲ್ಡ್ ...”. ಖಾಲಿ ಜಾಗ ಕೊನೆಯಲ್ಲಿದೆ, ಆದರೆ ಇಂಗ್ಲಿಷಿನಲ್ಲಿ ಪ್ರಶ್ನೆಯ ಪದ ಮೊದಲಲ್ಲಿ ನಿಲ್ಲಬೇಕು. ‘ಹೂ’ ಅಲ್ಲಿಂದ ಎದ್ದು ಮುಂದಕ್ಕೆ ಬಂದರೆ “ಹೂ ಗೀತಾ ಕಾಲ್ಡ್” ಎಂದಾಗುತ್ತದೆ. ಇದು ಇನ್ನೂ ಪ್ರಶ್ನೆಯಾಗಿಲ್ಲ. ಪ್ರಶ್ನೆಯ ಪದ ಹೀಗೆ ಕರ್ತೃವನ್ನು ದಾಟಿ ಮುಂದೆ ಬಂದಾಗ, ಅದರ ಬೆನ್ನಿಗೇ ಒಂದು ಸಹಾಯಕ ಕ್ರಿಯಾಪದವೂ ಕರ್ತೃವನ್ನು ದಾಟಿ ಬರಬೇಕು. ಆಗ “ಹೂ ಡಿಡ್ ಗೀತಾ ಕಾಲ್?” ಎಂದಾಗುತ್ತದೆ. ಇದು ಕರ್ಮಪ್ರಶ್ನೆ, ಆಬ್ಜೆಕ್ಟ್ ಕ್ವೆಶ್ಚನ್.

ಮುಚ್ಚಿದ ಪದ ಕ್ರಿಯಾಪದಕ್ಕಿಂತ ಮುಂಚೆ ಇದ್ದರೆ ಏನನ್ನೂ ಕದಲಿಸಬೇಡಿ. ಆಮೇಲೆ ಇದ್ದರೆ ‘ಡು’ ಬಳಗದ ಒಂದು ಪದವನ್ನು ಕರೆತನ್ನಿ.

ಎರಡನೇ ಹೆಜ್ಜೆ: ‘ಡಿಡ್’ ಎಲ್ಲಿಂದ ಬಂತು ಎಂದು ತಿಳಿಯಿರಿ

ಇದನ್ನು ಬಿಡಿಸಿ ಹೇಳದೆ ಹೋದರೆ ಪಾಠ ತಲೆಯಲ್ಲಿ ನಿಲ್ಲುವುದಿಲ್ಲ. ‘ಕಾಲ್ಡ್’ ಎಂಬ ಪದದೊಳಗೆ ಎರಡು ಸಂಗತಿಗಳಿವೆ: ಕರೆಯುವ ಕ್ರಿಯೆ ಮತ್ತು ಅದು ಮುಗಿದುಹೋದ ಕಾಲ. ಅಂದರೆ ‘ಕಾಲ್ಡ್’ ಎಂದರೆ ‘ಡಿಡ್’ ಕೂಡಿಸು ‘ಕಾಲ್’. ಹಾಗೆಯೇ ‘ಕಾಲ್ಸ್’ ಎಂದರೆ ‘ಡಸ್’ ಕೂಡಿಸು ‘ಕಾಲ್’. ವರ್ತಮಾನದ ಬರಿಯ ‘ಕಾಲ್’ ಒಳಗೂ ಕಣ್ಣಿಗೆ ಕಾಣದ ಒಂದು ‘ಡು’ ಇದೆ ಎಂದುಕೊಳ್ಳಿ. ಕರ್ಮಪ್ರಶ್ನೆಯಲ್ಲಿ ನಾವು ಮಾಡುವುದು ಆ ಒಳಗಿನ ‘ಡಿಡ್’ ಅನ್ನು ಹೊರಗೆ ಎಳೆದು ಕರ್ತೃವಿನ ಮುಂದೆ ನಿಲ್ಲಿಸುವುದು ಮಾತ್ರ. ಕಾಲದ ಗುರುತು ‘ಡಿಡ್’ ಜೊತೆ ಹೊರಟುಹೋದ ಮೇಲೆ ಹಿಂದೆ ಉಳಿಯುವುದು ಬರಿಯ ಮೂಲರೂಪ, ‘ಕಾಲ್’.

“ವಾಟ್ ಡಿಡ್ ಯು ಸಾ?” ಏಕೆ ತಪ್ಪು ಎಂಬುದಕ್ಕೆ ಉತ್ತರ ಇಲ್ಲೇ ಸಿಗುತ್ತದೆ. ಭೂತಕಾಲವನ್ನು ಒಮ್ಮೆ ‘ಡಿಡ್’ನಲ್ಲಿ ಹೇಳಿ ಮತ್ತೆ ‘ಸಾ’ದಲ್ಲಿ ಹೇಳಿದಂತಾಯಿತು. “ವಾಟ್ ಡಿಡ್ ಯು ಸೀ?” ಸರಿ. “ವಾಟ್ ಡಸ್ ಶೀ ವಾಂಟ್ಸ್?” ಕೂಡ ಇದೇ ಕಾರಣಕ್ಕೆ ತಪ್ಪು, ‘ಡಸ್’ನಲ್ಲಿ ಹೋದ ‘ಸ್’ ಹಿಂದೆ ಮತ್ತೆ ಕಾಣಿಸಿಕೊಳ್ಳಬಾರದು. “ವಾಟ್ ಡಸ್ ಶೀ ವಾಂಟ್?” ಎನ್ನಬೇಕು.

ಕರ್ತೃಪ್ರಶ್ನೆಯಲ್ಲಿ ಯಾವುದನ್ನೂ ಹೊರಗೆ ಎಳೆಯುವುದಿಲ್ಲ. ಹಾಗಾಗಿ ಕ್ರಿಯಾಪದ ತನ್ನ ಪೂರ್ತಿ ಉಡುಪಿನಲ್ಲೇ ಇರುತ್ತದೆ: “ಹೂ ಟೋಲ್ಡ್ ಯು?”, “ವಾಟ್ ಹ್ಯಾಪನ್ಡ್?”, “ಹೂ ಲಿವ್ಸ್ ಹಿಯರ್?”

ಇಲ್ಲೊಂದು ಕಡೆ ಎಚ್ಚರ ಬೇಕು. “ಹೂ ಡಿಡ್ ದಿಸ್?” ಎಂಬ ಪ್ರಶ್ನೆಯಲ್ಲಿ ‘ಡಿಡ್’ ಇದೆಯಲ್ಲ, ಇದು ಕರ್ಮಪ್ರಶ್ನೆಯೇ ಎಂದು ಕೇಳುವವರಿದ್ದಾರೆ. ಅಲ್ಲ. ಇಲ್ಲಿ ‘ಡಿಡ್’ ಎಂದರೆ ‘ಮಾಡಿದರು’ ಎಂಬ ಮುಖ್ಯ ಕ್ರಿಯಾಪದ. ‘ಇದನ್ನು ಯಾರು ಮಾಡಿದರು?’ ಅದೇ ಮಾತು ಕರ್ಮಪ್ರಶ್ನೆಯಾದಾಗ ‘ಡು’ ಎರಡು ಸಲ ಬರುತ್ತದೆ: “ವಾಟ್ ಡಿಡ್ ಯು ಡು?” ಮೊದಲಿನ ‘ಡಿಡ್’ ಸಹಾಯಕ, ಕೊನೆಯ ‘ಡು’ ಮುಖ್ಯ.

ಮೂರನೇ ಹೆಜ್ಜೆ: ಸಹಾಯಕ ಮೊದಲೇ ಇದ್ದರೆ ‘ಡು’ ಬೇಡ

‘ಈಸ್, ಆರ್, ವಾಸ್, ಹ್ಯಾಸ್, ಹ್ಯಾವ್, ಕ್ಯಾನ್, ವಿಲ್, ಶುಡ್’ ಮುಂತಾದ ಸಹಾಯಕಗಳು ವಾಕ್ಯದಲ್ಲಿ ಮೊದಲೇ ಇದ್ದರೆ ‘ಡು’ ಕರೆಯುವ ಅಗತ್ಯವಿಲ್ಲ. ಕರ್ತೃವನ್ನು ದಾಟುವ ಕೆಲಸವನ್ನು ಅವೇ ಮಾಡುತ್ತವೆ.

“ಹೂ ಕ್ಯಾನ್ ಹೆಲ್ಪ್ ಯು?” ನಿನಗೆ ಯಾರು ಸಹಾಯ ಮಾಡಬಲ್ಲರು?
“ಹೂ ಕ್ಯಾನ್ ಯು ಹೆಲ್ಪ್?” ನೀನು ಯಾರಿಗೆ ಸಹಾಯ ಮಾಡಬಲ್ಲೆ?

“ಹೂ ಈಸ್ ಕಾಲಿಂಗ್?” ಯಾರು ಕರೆಯುತ್ತಿದ್ದಾರೆ?
“ಹೂ ಈಸ್ ಹೀ ಕಾಲಿಂಗ್?” ಅವನು ಯಾರನ್ನು ಕರೆಯುತ್ತಿದ್ದಾನೆ?

ಎರಡು ಬಗೆಯ ಪ್ರಶ್ನೆಗೂ ಇಲ್ಲಿ ಇರುವ ವ್ಯತ್ಯಾಸ ಪದಕ್ರಮದ್ದು ಮಾತ್ರ. ಸಹಾಯಕದ ಬೆನ್ನಿಗೆ ಕರ್ತೃ ಬಂತೋ, ನೇರವಾಗಿ ಮುಖ್ಯ ಕ್ರಿಯಾಪದ ಬಂತೋ ಎಂದು ನೋಡಿದರೆ ಸಾಕು.

‘ಯಾರು’ ಬಹುವಚನ, ‘ಹೂ’ ಏಕವಚನ

ಕನ್ನಡದಲ್ಲಿ ‘ಯಾರು ಬಂದರು?’ ಎನ್ನುತ್ತೇವೆ. ಬಂದವರು ಒಬ್ಬರೇ ಆಗಿದ್ದರೂ ಕ್ರಿಯಾಪದ ಬಹುವಚನದಲ್ಲೇ ಇರುತ್ತದೆ. ಆ ಅಭ್ಯಾಸದಿಂದ “ಹೂ ವಾಂಟ್ ಟು ಪ್ಲೇ?”, “ಹೂ ಆರ್ ಕಮಿಂಗ್?” ಎಂದು ಬಾಯಿಗೆ ಬರುತ್ತದೆ. ಇಂಗ್ಲಿಷಿನ ‘ಹೂ’ ಕರ್ತೃವಾದಾಗ ಸಾಮಾನ್ಯವಾಗಿ ಏಕವಚನದ ಕ್ರಿಯಾಪದವನ್ನೇ ಬಯಸುತ್ತದೆ. ಹತ್ತು ಜನ ಬರುವವರಿದ್ದರೂ “ಹೂ ಈಸ್ ಕಮಿಂಗ್?” ಎಂದೇ ಕೇಳಿ, “ಹೂ ವಾಂಟ್ಸ್ ಟು ಪ್ಲೇ?” ಎಂದೇ ಕೇಳಿ.

“ಹೂ ಆರ್ ದೇ?” ಸರಿಯಲ್ಲವೇ ಎಂದರೆ, ಖಂಡಿತ ಸರಿ. ಅಲ್ಲಿ ಕರ್ತೃ ‘ದೇ’, ‘ಹೂ’ ಅಲ್ಲ. ಹಾಗೆಯೇ ಪ್ರಶ್ನೆಯ ಪದದ ಜೊತೆ ಬಹುವಚನದ ನಾಮಪದ ಬಂದರೆ ಕ್ರಿಯಾಪದವೂ ಅದರಂತೆ ನಡೆಯುತ್ತದೆ: “ವಿಚ್ ಸ್ಟೂಡೆಂಟ್ಸ್ ಹ್ಯಾವ್ ಫಿನಿಶ್ಡ್?”

‘ಏನು’ ಬಂದಾಗ ಕ್ರಿಯಾಪದದ ಕೊನೆ ನೋಡಿ

‘ಯಾರು’ ಮತ್ತು ‘ಯಾರನ್ನು’ ಬೇರೆ ಬೇರೆ ಕಾಣಿಸುತ್ತವೆ. ‘ಏನು’ ಹಾಗಲ್ಲ. ‘ಏನನ್ನು’ ಎಂಬ ರೂಪವಿದ್ದರೂ ಮಾತಿನಲ್ಲಿ ನಾವು ಹೆಚ್ಚಾಗಿ ‘ಅನ್ನು’ ಬಿಟ್ಟೇಬಿಡುತ್ತೇವೆ. ‘ಏನು ಮುರಿಯಿತು?’ ಮತ್ತು ‘ಏನು ಮುರಿದೆ?’ ಎರಡರಲ್ಲೂ ‘ಏನು’ ಒಂದೇ ರೂಪದಲ್ಲಿದೆ. ಇಲ್ಲಿ ಕೈಹಿಡಿಯುವುದು ಕ್ರಿಯಾಪದದ ಕೊನೆ. ‘ಮುರಿಯಿತು’ ಎಂದರೆ ಕರ್ತೃ ಅದೇ ವಸ್ತು, ‘ಮುರಿದೆ’ ಎಂದರೆ ಕರ್ತೃ ನೀನು.

‘ಏನು ಮುರಿಯಿತು?’ “ವಾಟ್ ಬ್ರೋಕ್?”
‘ಏನು ಮುರಿದೆ?’ “ವಾಟ್ ಡಿಡ್ ಯು ಬ್ರೇಕ್?”

ಕನ್ನಡದಲ್ಲಿ ‘ನೀನು’ ಎಂಬ ಪದವನ್ನು ಬಾಯಿಬಿಟ್ಟು ಹೇಳದಿದ್ದರೂ ಅದು ‘ಮುರಿದೆ’ಯ ಬಾಲದಲ್ಲಿ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಹೊರಗೆ ಹೇಳಲೇಬೇಕು. ಹೀಗೆ ಬೇರೊಬ್ಬ ಕರ್ತೃ ಕ್ರಿಯಾಪದದ ಬಾಲದಲ್ಲಿ ಸಿಕ್ಕರೆ ಅದು ಕರ್ಮಪ್ರಶ್ನೆ, ‘ಡಿಡ್’ ಬೇಕು.

‘ಯಾರಿಗೆ’: ದೀಪ ದಾರಿ ತಪ್ಪಿಸುವ ಜಾಗ

ಈ ಭಾಗವನ್ನು ನಿಧಾನವಾಗಿ ಓದಿ. ಕನ್ನಡದಲ್ಲಿ ಯೋಚಿಸುವವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ‘ಗೆ’ ಪ್ರತ್ಯಯದ ಚತುರ್ಥಿ ವಿಭಕ್ತಿ, ಆದರೆ ಬೇರೆ ಭಾಷೆಯವರಿಗಾಗಿ ಬರೆದ ವ್ಯಾಕರಣದ ಪುಸ್ತಕಗಳು ಇದನ್ನು ಹೇಳಿಕೊಡುವುದಿಲ್ಲ.

‘ಯಾರಿಗೆ ಗೊತ್ತು?’, ‘ಯಾರಿಗೆ ಹೇಳಿದೆ?’ ಎರಡರಲ್ಲೂ ‘ಯಾರಿಗೆ’ ಇದೆ. ಇಂಗ್ಲಿಷಿನಲ್ಲಿ ಮೊದಲನೆಯದು “ಹೂ ನೋಸ್?”, ಎರಡನೆಯದು “ಹೂ ಡಿಡ್ ಯು ಟೆಲ್?” ಒಂದು ಕರ್ತೃಪ್ರಶ್ನೆ, ಇನ್ನೊಂದು ಕರ್ಮಪ್ರಶ್ನೆ. ಏಕೆ ಹೀಗೆ?

ತಿಳಿವು, ಬಯಕೆ, ನೆನಪು, ಕಾಯಿಲೆ ಇವೆಲ್ಲ ಕನ್ನಡದಲ್ಲಿ ಮನುಷ್ಯ ಮಾಡುವ ಕೆಲಸಗಳಲ್ಲ, ಅವನಿಗೆ ಆಗುವ, ಬರುವ, ಇರುವ ಸಂಗತಿಗಳು. ನನಗೆ ಗೊತ್ತು, ನನಗೆ ಬೇಕು, ನನಗೆ ನೆನಪಿದೆ, ನನಗೆ ಜ್ವರ ಬಂದಿದೆ. ಇಂಗ್ಲಿಷ್ ಅದೇ ಮನುಷ್ಯನನ್ನು ವಾಕ್ಯದ ಮೊದಲಿಗೆ ಕೂರಿಸಿ ಕರ್ತೃ ಮಾಡಿಬಿಡುತ್ತದೆ: “ಐ ನೋ, ಐ ವಾಂಟ್, ಐ ರಿಮೆಂಬರ್, ಐ ಹ್ಯಾವ್ ಎ ಫೀವರ್.” ಆದ್ದರಿಂದ ಆ ಮನುಷ್ಯ ಯಾರು ಎಂದು ಕೇಳುವಾಗ ಅದು ಕರ್ತೃಪ್ರಶ್ನೆಯಾಗುತ್ತದೆ.

ಯಾರಿಗೆ ಬೇಕು? “ಹೂ ವಾಂಟ್ಸ್ ಇಟ್?”
ಯಾರಿಗೆ ಅರ್ಥವಾಯಿತು? “ಹೂ ಅಂಡರ್‌ಸ್ಟುಡ್?”
ಯಾರಿಗೆ ನೆನಪಿದೆ? “ಹೂ ರಿಮೆಂಬರ್ಸ್?”
ಯಾರ ಹತ್ತಿರ ಪೆನ್ ಇದೆ? “ಹೂ ಹ್ಯಾಸ್ ಎ ಪೆನ್?”

ಇವಕ್ಕೆ ಎದುರಾಗಿ, ಇನ್ನೊಬ್ಬರು ಮಾಡುವವರಿದ್ದು ‘ಯಾರಿಗೆ’ ಎಂಬುದು ಪಡೆಯುವವರನ್ನು ತೋರಿಸುವ ವಾಕ್ಯಗಳು:

ಯಾರಿಗೆ ಕೊಟ್ಟೆ? “ಹೂ ಡಿಡ್ ಯು ಗಿವ್ ಇಟ್ ಟು?”
ಯಾರಿಗೆ ಸಹಾಯ ಮಾಡಿದಳು? “ಹೂ ಡಿಡ್ ಶೀ ಹೆಲ್ಪ್?”

ಪರೀಕ್ಷೆ ಸುಲಭ. ಕನ್ನಡದ ಕ್ರಿಯಾಪದದ ಕೊನೆಯಲ್ಲಿ ‘ನೀನು, ಅವಳು, ಅವರು’ ಯಾರಾದರೂ ಇದ್ದಾರೆಯೇ ನೋಡಿ. ‘ಕೊಟ್ಟೆ’ ಎಂಬಲ್ಲಿ ನೀನು ಇದ್ದೀಯ, ‘ಮಾಡಿದಳು’ ಎಂಬಲ್ಲಿ ಅವಳಿದ್ದಾಳೆ. ‘ಗೊತ್ತು, ಬೇಕು, ಆಯಿತು, ಇದೆ’ ಎಂಬಲ್ಲಿ ಯಾವ ಮನುಷ್ಯನೂ ಇಲ್ಲ. ಮನುಷ್ಯ ಸಿಕ್ಕದಿದ್ದರೆ ‘ಯಾರಿಗೆ’ ಎಂಬುದೇ ಇಂಗ್ಲಿಷಿನ ಕರ್ತೃ.

ಇದರ ಇನ್ನೊಂದು ಮುಖ ‘ನಿನಗೆ ಏನು ಬೇಕು?’ ಎಂಬಂಥ ಪ್ರಶ್ನೆ. ಕನ್ನಡದಲ್ಲಿ ‘ಏನು’ ಕರ್ತೃವಿನಂತೆ ಕೂತಿದೆ, ಇಂಗ್ಲಿಷಿನಲ್ಲಿ ‘ನಿನಗೆ’ ಎಂಬುದು ‘ಯು’ ಆಗಿ ಕರ್ತೃವಿನ ಜಾಗಕ್ಕೆ ಹೋಗುವುದರಿಂದ ‘ಏನು’ ಕರ್ಮವಾಗುತ್ತದೆ: “ವಾಟ್ ಡು ಯು ವಾಂಟ್?” ಆದರೆ ‘ನಿನಗೆ ಏನಾಯಿತು?’ ಎಂಬುದು “ವಾಟ್ ಹ್ಯಾಪನ್ಡ್ ಟು ಯು?” ಇಲ್ಲಿ ‘ಡಿಡ್’ ಇಲ್ಲ. ಕಾರಣ, ‘ಹ್ಯಾಪನ್’ ಎಂಬ ಕ್ರಿಯಾಪದಕ್ಕೆ ಸಂಗತಿಯೇ ಕರ್ತೃ, ಮನುಷ್ಯನಲ್ಲ. ಅದು ನಮ್ಮ ‘ಆಗು’ವಿನಂತೆಯೇ ನಡೆಯುತ್ತದೆ. “ವಾಟ್ ಡಿಡ್ ಹ್ಯಾಪನ್ ಟು ಯು?” ಎಂದು ಮಾಮೂಲಿಯಾಗಿ ಕೇಳುವುದಿಲ್ಲ.

ನಾಮಪದ ಜೊತೆಗಿದ್ದರೆ

‘ವಿಚ್, ಹೂಸ್, ಹೌ ಮೆನಿ’ ಇವು ಒಂದು ನಾಮಪದವನ್ನು ಕೈಹಿಡಿದು ಬರುತ್ತವೆ. ನಿಯಮ ಬದಲಾಗುವುದಿಲ್ಲ, ಇಡೀ ಗುಂಪನ್ನು ಒಂದೇ ಪದವೆಂದು ಎಣಿಸಿ. “ಹೌ ಮೆನಿ ಪೀಪಲ್ ಕೇಮ್?” ಎಷ್ಟು ಜನ ಬಂದರು? “ಹೌ ಮೆನಿ ಪೀಪಲ್ ಡಿಡ್ ಯು ಇನ್ವೈಟ್?” ಎಷ್ಟು ಜನರನ್ನು ಕರೆದೆ? “ಹೂಸ್ ಫೋನ್ ರ‍್ಯಾಂಗ್?” ಯಾರ ಫೋನ್ ಹೊಡೆದುಕೊಂಡಿತು? “ಹೂಸ್ ಫೋನ್ ಡಿಡ್ ಯು ಟೇಕ್?” ಯಾರ ಫೋನ್ ತೆಗೆದುಕೊಂಡೆ?

‘ವೇರ್, ವೆನ್, ವೈ, ಹೌ’ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂಬವು ಸಾಮಾನ್ಯವಾಗಿ ಕರ್ತೃಗಳಾಗುವುದಿಲ್ಲ. ಬೇರೆ ಸಹಾಯಕ ಇಲ್ಲದಿದ್ದರೆ ‘ಡು’ ಬೇಕೇ ಬೇಕು: “ವೇರ್ ಡಿಡ್ ಯು ಗೋ?”

ಹಿಂದೆ ಉಳಿಯುವ ‘ಟು, ವಿತ್, ಫಾರ್’

‘ಯಾರ ಜೊತೆ ಮಾತಾಡಿದೆ?’ ಎಂಬಲ್ಲಿ ‘ಜೊತೆ’ ಪ್ರಶ್ನೆಯ ಪದಕ್ಕೆ ಅಂಟಿಕೊಂಡೇ ಇರುತ್ತದೆ. ಇಂಗ್ಲಿಷಿನಲ್ಲಿ ‘ಹೂ’ ಒಂಟಿಯಾಗಿ ಮುಂದೆ ಹೋಗುತ್ತದೆ, ‘ಟು’ ತನ್ನ ಹಳೆಯ ಜಾಗದಲ್ಲೇ ಕೊನೆಗೆ ಉಳಿಯುತ್ತದೆ: “ಹೂ ಡಿಡ್ ಯು ಟಾಕ್ ಟು?” ಅದನ್ನು ಮರೆತು “ಹೂ ಡಿಡ್ ಯು ಟಾಕ್?” ಎಂದು ನಿಲ್ಲಿಸುವುದು ತುಂಬ ಕಾಣುವ ತಪ್ಪು. ಮತ್ತೆ ಬೆರಳಿನ ಉಪಾಯವನ್ನೇ ಬಳಸಿ. “ಯು ಟಾಕ್ಡ್ ಟು ರವಿ” ಎಂಬಲ್ಲಿ ‘ರವಿ’ಯನ್ನು ಮಾತ್ರ ಮುಚ್ಚಿದರೆ ‘ಟು’ ಕಣ್ಣೆದುರಿಗೇ ಉಳಿದಿರುತ್ತದೆ.

‘ಹೂಮ್’ ಎಂಬ ಹಳೆಯ ಪ್ರತ್ಯಯ

ಒಂದು ಕಾಲದಲ್ಲಿ ಇಂಗ್ಲಿಷಿಗೂ ನಮ್ಮಂತೆ ವಿಭಕ್ತಿಗಳಿದ್ದವು. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಯಾರು’ ಎಂಬುದಕ್ಕೆ ಒಂದು ರೂಪ, ‘ಯಾರನ್ನು’ ಎಂಬುದಕ್ಕೆ ಇನ್ನೊಂದು, ‘ಯಾರಿಗೆ’ ಎಂಬುದಕ್ಕೆ ಮತ್ತೊಂದು. ಆ ‘ಯಾರಿಗೆ’ ರೂಪವೇ ಉಳಿದು ಬಂದು ಇಂದಿನ ‘ಹೂಮ್’ ಆಗಿದೆ. ನಾಮಪದಗಳ ಪ್ರತ್ಯಯಗಳು ಸವೆದುಹೋದಂತೆ ಪದಕ್ರಮ ಬಿಗಿಯಾಯಿತು. ಪ್ರಶ್ನೆಗೆ ‘ಡು’ ಸೇರಿಸುವ ರೂಢಿ ಹರಡಿದ್ದು ಹೆಚ್ಚಾಗಿ 1500ರಿಂದ 1700ರ ನಡುವಿನ ಕಾಲದಲ್ಲಿ. ಅದಕ್ಕೂ ಹಿಂದೆ “ವಾಟ್ ಸೇ ಯು?” ಎಂದು ಮುಖ್ಯ ಕ್ರಿಯಾಪದವನ್ನೇ ಮುಂದಕ್ಕೆ ತಂದು ಕೇಳುತ್ತಿದ್ದರು. ಈ ಕಥೆ ನನಗೆ ಇಷ್ಟ, ಏಕೆಂದರೆ ‘ಡಿಡ್’ ಎಂಬುದು ಅರ್ಥವಿಲ್ಲದ ಕಟ್ಟಳೆ ಎಂಬ ಬೇಸರ ಇದರಿಂದ ಹೋಗುತ್ತದೆ.

ಈಗಿನ ಬಳಕೆಯಲ್ಲಿ ‘ಹೂಮ್’ ಕರ್ಮಪ್ರಶ್ನೆಗೆ ಮಾತ್ರ, ಅದೂ ಹೆಚ್ಚಾಗಿ ಗಂಭೀರ ಬರವಣಿಗೆಯಲ್ಲಿ: “ಹೂಮ್ ಡಿಡ್ ಯು ಮೀಟ್?” ಮಾತಿನಲ್ಲಿ “ಹೂ ಡಿಡ್ ಯು ಮೀಟ್?” ಪೂರ್ತಿ ಸರಿ. ‘ಟು, ವಿತ್’ ಮುಂತಾದವನ್ನು ಮೊದಲಿಗೇ ತಂದರೆ ಮಾತ್ರ ‘ಹೂಮ್’ ಬೇಕು: “ಟು ಹೂಮ್ ಡಿಡ್ ಯು ಗಿವ್ ಇಟ್?” ಕರ್ತೃವಿನ ಜಾಗದಲ್ಲಿ ಅದನ್ನು ಎಂದೂ ಇಡಬೇಡಿ. “ಹೂಮ್ ಕಾಲ್ಡ್ ಯು?” ತಪ್ಪು.

‘ಡು’ ಬಂದರೂ ಕರ್ತೃಪ್ರಶ್ನೆಯೇ ಆಗಿರುವ ಕಡೆ

‘ಯಾರು ಬರಲಿಲ್ಲ?’ ಎಂದು ಕೇಳಬೇಕಾದರೆ “ಹೂ ಡಿಡ್‌ಂಟ್ ಕಮ್?” ಎನ್ನಬೇಕು. ‘ಡಿಡ್’ ಬಂದದ್ದು ಪ್ರಶ್ನೆಗಾಗಿ ಅಲ್ಲ, ‘ನಾಟ್’ಗಾಗಿ. “ರವಿ ಡಿಡ್‌ಂಟ್ ಕಮ್” ಎಂಬ ಸಾಮಾನ್ಯ ವಾಕ್ಯದಲ್ಲೂ ಅದು ಇದೆಯಲ್ಲ? ಪದಕ್ರಮ ನೋಡಿ, ಯಾವುದೂ ಕದಲಿಲ್ಲ.

‘ಯಾರು ಗೆದ್ದರು ಅಂದುಕೊಂಡಿದ್ದೀಯ?’ ಎಂಬಂಥ ಪ್ರಶ್ನೆಗೆ ಕನ್ನಡದ ಜಾಡಿನಲ್ಲಿ “ಡು ಯು ಥಿಂಕ್ ಹೂ ವನ್?” ಎಂದುಬಿಡುತ್ತಾರೆ. ಸರಿಯಾದದ್ದು “ಹೂ ಡು ಯು ಥಿಂಕ್ ವನ್?” ಇಲ್ಲಿ ‘ಡು’ ಸೇರಿದ್ದು ‘ಥಿಂಕ್’ ಎಂಬ ಕ್ರಿಯಾಪದಕ್ಕೆ. ಗೆದ್ದವರ ಬಗೆಗಿನ ಪ್ರಶ್ನೆ ಒಳಗೆ ಕರ್ತೃಪ್ರಶ್ನೆಯಾಗಿಯೇ ಇದೆ, ಆದ್ದರಿಂದ ‘ವನ್’ ಹಾಗೆಯೇ ಉಳಿದಿದೆ.

ಪ್ರಶ್ನೆ ಇನ್ನೊಂದು ವಾಕ್ಯದೊಳಗೆ ಅಡಗಿದಾಗ ‘ಡಿಡ್’ ಮತ್ತೆ ಕ್ರಿಯಾಪದದೊಳಕ್ಕೆ ಹೋಗಿಬಿಡುತ್ತದೆ: “ಐ ಡೋಂಟ್ ನೋ ಹೂ ಶೀ ಕಾಲ್ಡ್.” ಅವಳು ಯಾರನ್ನು ಕರೆದಳೋ ಗೊತ್ತಿಲ್ಲ. “ಐ ಡೋಂಟ್ ನೋ ಹೂ ಡಿಡ್ ಶೀ ಕಾಲ್” ಎಂದರೆ ತಪ್ಪು.

ಉತ್ತರದಿಂದ ತಾಳೆ ನೋಡುವುದು

ಕೇಳಿದ್ದು ಸರಿಯೋ ಎಂದು ಅನುಮಾನ ಬಂದರೆ ಚಿಕ್ಕ ಉತ್ತರವೊಂದನ್ನು ಕೊಟ್ಟು ನೋಡಿ. “ಹೂ ಕಾಲ್ಡ್ ಯು?” ಎಂಬುದಕ್ಕೆ “ರವಿ ಡಿಡ್” ಎಂದು ಉತ್ತರಿಸಬಹುದು. “ಹೂ ಡಿಡ್ ಯು ಕಾಲ್?” ಎಂಬುದಕ್ಕೆ “ರವಿ” ಎನ್ನಬಹುದು, “ಹಿಮ್” ಎನ್ನಬಹುದು, ಆದರೆ “ರವಿ ಡಿಡ್” ಎನ್ನಲಾಗದು. ಪ್ರಶ್ನೆಯಲ್ಲಿ ಸಹಾಯಕ ಇಲ್ಲದಿದ್ದರೆ ಅದು ಉತ್ತರದಲ್ಲಿ ಬರುತ್ತದೆ, ಇದನ್ನು ಒಮ್ಮೆ ಗಮನಿಸಿದವರು ಮರೆಯುವುದಿಲ್ಲ.

ಅಭ್ಯಾಸ

ಕೆಳಗಿನ ಕನ್ನಡ ಪ್ರಶ್ನೆಗಳನ್ನು ಇಂಗ್ಲಿಷಿಗೆ ತನ್ನಿ. ಜೋಡಿ ಜೋಡಿಯಾಗಿ ಕೊಟ್ಟಿದ್ದೇನೆ. ಬರೆಯುವ ಮುಂಚೆ ಪ್ರತಿಯೊಂದರಲ್ಲೂ ಕ್ರಿಯಾಪದದ ಬಾಲದಲ್ಲಿ ಯಾರಿದ್ದಾರೆ ಎಂದು ಹೇಳಿಕೊಳ್ಳಿ.

1. ನಿನ್ನ ಜೊತೆ ಯಾರು ಬಂದರು? ನೀನು ಯಾರ ಜೊತೆ ಬಂದೆ?
2. ಯಾವ ಬಾಗಿಲು ತೆರೆಯಿತು? ಯಾವ ಬಾಗಿಲು ತೆರೆದೆ?
3. ಯಾರಿಗೆ ಉತ್ತರ ಗೊತ್ತಿತ್ತು? ಯಾರಿಗೆ ಉತ್ತರ ಹೇಳಿದೆ?
4. ಎಷ್ಟು ಜನರಿಗೆ ಈ ವಿಷಯ ಗೊತ್ತು? ಎಷ್ಟು ಜನ ನಿನಗೆ ಗೊತ್ತು?

ಉತ್ತರಗಳು ಹೀಗಿವೆ. ಒಂದನೆಯದು “ಹೂ ಕೇಮ್ ವಿತ್ ಯು?”, “ಹೂ ಡಿಡ್ ಯು ಕಮ್ ವಿತ್?” ಎರಡನೆಯದು “ವಿಚ್ ಡೋರ್ ಓಪನ್ಡ್?”, “ವಿಚ್ ಡೋರ್ ಡಿಡ್ ಯು ಓಪನ್?” ಮೂರನೆಯದು “ಹೂ ನ್ಯೂ ದ ಆನ್ಸರ್?”, “ಹೂ ಡಿಡ್ ಯು ಟೆಲ್ ದ ಆನ್ಸರ್ ಟು?” ನಾಲ್ಕನೆಯದು “ಹೌ ಮೆನಿ ಪೀಪಲ್ ನೋ ದಿಸ್?”, “ಹೌ ಮೆನಿ ಪೀಪಲ್ ಡು ಯು ನೋ?” ಈ ಕೊನೆಯ ಜೋಡಿಯ ಎರಡೂ ಪ್ರಶ್ನೆಗಳಲ್ಲಿ ಕ್ರಿಯಾಪದದ ಬಾಲದಲ್ಲಿ ಯಾರೂ ಇಲ್ಲ, ‘ಗೊತ್ತು’ ಮಾತ್ರ ಇದೆ. ಹಾಗಾಗಿ ‘ಗೆ’ ಎಲ್ಲಿದೆ ಎಂದು ನೋಡಬೇಕು. ಮೊದಲನೆಯದರಲ್ಲಿ ಅದು ‘ಜನರಿಗೆ’ ಎಂಬಲ್ಲಿದೆ, ಕರ್ತೃ ಜನ. ಎರಡನೆಯದರಲ್ಲಿ ‘ನಿನಗೆ’ ಎಂಬಲ್ಲಿದೆ, ಕರ್ತೃ ‘ಯು’, ಅದಕ್ಕೇ ‘ಡು’ ಬಂತು.